ಮರಳುಗಾಡಿನಲ್ಲಿ ಚಾರ್ಮಾಡಿ

ಬಿಕಾನೇರ್
2 ಡಿಸೆಂಬರ್ 2024

ಚಿ. ಸೌ. ಸರ್ವಮಂಗಳೆಗೆ,

ಇಲ್ಲಿ ಎಲ್ಲರೂ ಕ್ಷೇಮ, ನನ್ನೊಬ್ಬನನ್ನು ಬಿಟ್ಟು. ಎಲ್ಲರೂ ಎಂದರೆ ನಮ್ಮ ಮಗಳು ರಜನಿ, ಅವಳ ಮನೆಯ ಮಾಲಕಿ, ಮತ್ತು ಅವಳು ದಿನಾ ಥರ್ಮಾಮೀಟರ್ ಇಡುವ ನಲವತ್ತೆರಡು ಒಂಟೆಗಳು. ಆಲ್ದೂರಿನಲ್ಲಿ ಹುಟ್ಟಿ, ಕಾಲಿಗೆ ಹತ್ತಿದ ಜಿಗಣೆಗೆ ಸುಣ್ಣ ಹಚ್ಚುತ್ತಾ ಬೆಳೆದ ಹುಡುಗಿ ಪಶುವೈದ್ಯೆಯಾಗಿ, ಇಷ್ಟು ದೂರ ಬಂದು ಒಂಟೆಯ ಹಲ್ಲು ಎಣಿಸುತ್ತಾಳೆಂದರೆ ಅದು ಯಾರ ಪೂರ್ವಜನ್ಮದ ಫಲವೋ, ವಿಚಾರಣೆಗೆ ಈಗ ಸಮಯವಿಲ್ಲ.

ಫೋನಿದ್ದೂ ಈ ಮನುಷ್ಯ ಕಾಗದ ಯಾಕೆ ಬರೆದ ಎಂದು ನೀನು ಹುಬ್ಬೇರಿಸುವುದು ಇಲ್ಲಿಂದಲೇ ಕಾಣುತ್ತದೆ. ನಮ್ಮನೆಯಲ್ಲಿ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ. ಅಲ್ಲಿ ಪಾಪಮ್ಮನೂ ಅವಳ ಕೊಯ್ಲಿನ ಗುಂಪೂ ಕಿವಿ ಅಗಲಿಸಿಕೊಂಡು ಕೂತಿರುತ್ತಾರೆ. ನಾನಿಲ್ಲಿ ಕೆಮ್ಮಿದರೆ ಆಲ್ದೂರಿನ ಅಂಗಡಿಯಲ್ಲಿ ನನಗೆ ಕಷಾಯ ಕಟ್ಟಿಸುತ್ತಾರೆ. ಇನ್ನು ನನ್ನ ಕಡೆ ಎರಡೇ ಕೋಣೆಯ ಮನೆ, ಪಕ್ಕದಲ್ಲೇ ಮಗಳು. ಈ ಸಂಗತಿ ಪಾಪಮ್ಮನಿಗೂ ಕೇಳಬಾರದು, ಮಗಳಿಗೂ ಕೇಳಬಾರದು.

ಸಂಗತಿ ಇಷ್ಟೇ. ನನಗೆ ಹೆದರಿಕೆಯಾಗುತ್ತಿದೆ.

ರಜನಿಗೆ ಜೈಸಲ್ಮೇರಿಗೆ ವರ್ಗವಾಗಿದೆ. ಜನವರಿ ಎಂಟಕ್ಕೆ ಹಾಜರಾಗಬೇಕು. ಇದನ್ನು ನನಗೆ ಹೇಳದೆ ‘ಅಪ್ಪ ಸುಮ್ಮನೆ ಬಂದು ಎರಡು ತಿಂಗಳು ಇದ್ದು ಹೋಗಲಿ’ ಎಂದು ಕರೆಸಿಕೊಂಡಳಲ್ಲ, ಕಳ್ಳಿ! ನಿನ್ನೆ ಊಟಕ್ಕೆ ಕೂತಾಗ ಬಾಯಿಬಿಟ್ಟಳು: “ಸಾಮಾನು ಲಾರಿಗೆ ಹಾಕೋಣ. ನಾವಿಬ್ರೂ ನನ್ನ ಕಾರಲ್ಲಿ ಮರುಭೂಮಿ ದಾಟೋಣ ಅಪ್ಪ. ಓಡ್ಸೋದು ನೀವು!” ಮುನ್ನೂರ ಮೂವತ್ತು ಕಿಲೋಮೀಟರ್. “ತಿರುವಿಲ್ಲ, ಪ್ರಪಾತ ಇಲ್ಲ, ಮಂಜಿಲ್ಲ. ನಿಮಗೆ ಮಕ್ಕಳಾಟ” ಎಂದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ನಮ್ಮಪ್ಪ ಮೂವತ್ತೊಂದು ವರ್ಷ ಚಾರ್ಮಾಡಿ ಘಾಟಿಯಲ್ಲಿ ಬಸ್ ಓಡಿಸಿದವರು, ಒಂದು ಗೀರು ಬಿದ್ದಿಲ್ಲ ಎಂದು ಮಾಲಕಿಗೂ ವರ್ಣಿಸಿದಳು. ಆಕೆ ನನ್ನನ್ನು ಹುತಾತ್ಮರ ಸ್ಮಾರಕ ನೋಡುವ ಹಾಗೆ ನೋಡಿ ರೊಟ್ಟಿಗೆ ಇನ್ನೊಂದು ಚಮಚ ತುಪ್ಪ ಹಾಕಿದರು.

ಆ ತುಪ್ಪ ನನಗೆ ಸಲ್ಲಬೇಕಾದ್ದಲ್ಲ ಮಾರಾಯ್ತಿ. ನಿನಗೆ ಗೊತ್ತಲ್ಲ. ಆ ಜುಲೈ ಆದಮೇಲೆ ಮೂರು ಮಳೆಗಾಲ ಕಳೆಯಿತು, ನಾನು ಸ್ಟೀರಿಂಗ್ ಮುಟ್ಟಿಲ್ಲ. ನಿನ್ನ ತಮ್ಮ ಮಲ್ಲೇಶನ ಜೀಪಿನ ಕೀಲಿಯನ್ನು ಕೂಡ ಕಾದ ಬಾಣಲೆ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ಆಚೆ ಕೊಟ್ಟವನು. ಯಾಕೆ ಬಿಟ್ಟೆ ಎಂದರೆ ಲೋಕಕ್ಕೆಲ್ಲ ಹೇಳಿದ್ದು ಮಂಡಿನೋವು. ಮಗಳಿಗೂ ಮಂಡಿನೋವು, ಅದು ಎಂದೋ ವಾಸಿಯಾಯಿತೆಂದು ಅವಳ ಎಣಿಕೆ.

ಏನು ಮಾಡಲಿ, ಬೇಗ ಬರೆ.

ಇತಿ ನಿನ್ನ, ಒಂದೂ ಗೀರು ಬೀಳದ
ಲಿಂಗಪ್ಪ


ಆಲ್ದೂರು
11 ಡಿಸೆಂಬರ್ 2024

ರಜನಿ ಅಪ್ಪನವರಿಗೆ,

ಕಾಗದ ಸಿಕ್ಕಿತು. ಪೋಸ್ಟ್‌ಮನ್ ಮಾರಯ್ಯ ಅದನ್ನು ಸುಮ್ಮನೆ ಕೊಡಲಿಲ್ಲ. “ಏನ್ರಮ್ಮಾ, ಯಜಮಾನ್ರು ಮನೆ ಬಿಟ್ಟು ಹೋದ್ರಾ?” ಎಂದ. ಈ ಕಾಲದಲ್ಲಿ ಹೆಂಡತಿಗೆ ಕಾಗದ ಬರೆಯುವವರು ಒಂದೋ ಸನ್ಯಾಸಿಗಳು, ಇಲ್ಲಾ ಜೈಲಿನಲ್ಲಿರುವವರು ಎಂದು ಅವನ ತಿಳಿವಳಿಕೆ. ನೀವು ಯಾವುದೂ ಅಲ್ಲ, ಒಂಟೆ ನೋಡಲು ಹೋಗಿದ್ದೀರಿ ಎಂದೆ. ಅದಕ್ಕವನು ಇನ್ನೂ ಹೆಚ್ಚು ಮರುಗಿದ.

ಇಲ್ಲಿ ಅರೇಬಿಕಾ ಕೊಯ್ಲು ಎರಡನೇ ಸುತ್ತು. ಕಣದ ತುಂಬ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಹರಡಿದೆ. ಅಕಾಲದಲ್ಲಿ ಮೋಡ ಕಟ್ಟುತ್ತಿದೆ. ದಿನಕ್ಕೆ ನಾಲ್ಕು ಸಲ ಟಾರ್ಪಾಲು ಎಳೆಯುವುದು, ನಾಲ್ಕು ಸಲ ತೆಗೆಯುವುದು. ನೀವಿದ್ದಿದ್ದರೆ ಆರು ಸಲ ಆಗುತ್ತಿತ್ತು, ಮೋಡಕ್ಕೂ ನಿಮಗೂ ಆಗಿಬರುವುದಿಲ್ಲ. ಆದ್ದರಿಂದ ನೀವು ಅಲ್ಲಿರುವುದೇ ತೋಟಕ್ಕೆ ಕ್ಷೇಮ.

ಈಗ ವಿಷಯಕ್ಕೆ ಬರುತ್ತೇನೆ. ಮಗಳಿಗೆ ನಿಜ ಹೇಳಿಬಿಡಿ. ಘಾಟಿಯಲ್ಲಿ ಮಂಜು ಕವಿದಾಗ ಕಂಡಕ್ಟರ್ ಬಿಳಿ ಟವೆಲ್ ಹೊದ್ದು ಬಸ್ಸಿನ ಮುಂದೆ ನಡೆಯುತ್ತಾನೆ, ಡ್ರೈವರ್ ಆ ಬಿಳುಪನ್ನೇ ನೋಡಿಕೊಂಡು ಗಾಡಿ ಬಿಡುತ್ತಾನೆ ಎಂದು ಅವಳಿಗೆ ಚಿಕ್ಕಂದಿನಲ್ಲಿ ನೂರು ಸಲ ಕಥೆ ಹೇಳಿದ್ದೀರಿ. ಆವತ್ತು ಹಾಗೆ ನಡೆಯುತ್ತಿದ್ದ ನಿಮ್ಮ ಕಂಡಕ್ಟರ್ ಭೂತಯ್ಯನಿಗೆ ಬಸ್ ತಾಗಿಸಿದ್ದನ್ನು ಮಾತ್ರ ಹೇಳಲಿಲ್ಲ. ಅವನು ಮೋರಿಕಟ್ಟೆ ಮೇಲಿಂದ ಜಾರಿ ಕಾಲು ಮುರಿದುಕೊಂಡ ಎಂದು ನಾವಿಬ್ಬರೂ ಸೇರಿಯೇ ಸುಳ್ಳು ಹೇಳಿದೆವು. ನನ್ನದೂ ಅದರಲ್ಲಿ ಅರ್ಧ ಪಾಲಿದೆ, ಅಲ್ಲವೆನ್ನುವುದಿಲ್ಲ.

ಒಂದೇ ಮಾತು: “ನನಗೆ ಗಾಡಿ ಓಡ್ಸೋಕೆ ಹೆದರಿಕೆ ಮಗಳೇ.” ಅಷ್ಟು ಹೇಳಿದರೆ ಯಾರೂ ನಿಮ್ಮ ಮೀಸೆ ಕಿತ್ತುಕೊಳ್ಳುವುದಿಲ್ಲ. ಮಂಡಿನೋವು ಅಂತ ಮಾತ್ರ ಮತ್ತೆ ಹೇಳಬೇಡಿ. ಕಳೆದ ವರ್ಷ ಜೇನುಹುಳ ಎದ್ದಾಗ ನೀವು ಓಡಿದ್ದನ್ನು ಇಡೀ ತೋಟ ನೋಡಿದೆ.

ನಿಮ್ಮ
ಸರ್ವಮಂಗಳಾ


ಬಿಕಾನೇರ್
20 ಡಿಸೆಂಬರ್ 2024

ಸರ್ವಮಂಗಳೆಗೆ,

ನಿನ್ನ ಅಪ್ಪಣೆ ಸಿಗುವ ಮೊದಲೇ ಮಂಡಿನೋವು ಹೇಳಿಯಾಗಿತ್ತು. ಪರಿಣಾಮ ಕೇಳು. ಮಗಳು ಆಫೀಸಿನಿಂದ ಒಂಟೆಯ ಕೀಲುನೋವಿಗೆ ಹಚ್ಚುವ ಮುಲಾಮು ತಂದಳು. ಒಂಟೆಗೆ ತಿಕ್ಕುವ ಕೈಯಲ್ಲೇ ನನಗೂ ತಿಕ್ಕಿದಳು. ಮೂರು ದಿನದಲ್ಲಿ ಇಲ್ಲದ ನೋವು ನಿಜವಾಗಿ ಬಂತು, ನಾಲ್ಕನೇ ದಿನ ಅದೂ ಹೋಯಿತು. “ನೋಡಿ ಅಪ್ಪ, ಈಗ ಕ್ಲಚ್ ಒತ್ತಬಹುದು” ಎಂದಳು. ಆ ದಾರಿಯೂ ಮುಚ್ಚಿತು.

ನೀನು ಹೇಳಿದ ಒಂದು ಮಾತನ್ನು ಹೇಳಲು ಹನ್ನೊಂದು ಸಲ ಬಾಯಿ ತೆರೆದೆ. ಒಂದು ಸಲ ಸಕ್ಕರೆ ಕೇಳಿದೆ, ಒಂದು ಸಲ ಹವಾಮಾನ ವಿಚಾರಿಸಿದೆ, ಉಳಿದ ಸಲ ಆಕಳಿಸಿದೆ.

ಮೊನ್ನೆ ಅವಳಿಲ್ಲದಾಗ ಕಾರಿನ ಹೊದಿಕೆ ತೆಗೆದು ಒಳಗೆ ಕೂತೆ. ಕೀಲಿ ಹಾಕಿದೆ, ತಿರುಗಿಸಲಿಲ್ಲ. ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಎದುರಿನ ಗೋಡೆ ನೋಡಿದೆ. ಬರೀ ಗೋಡೆ, ಸುಣ್ಣ ಹೊಡೆದ ಬಿಳಿ ಗೋಡೆ. ಆ ಬಿಳುಪಿನಲ್ಲಿ ಭೂತಯ್ಯನ ಬೆನ್ನು ಕಂಡಿತು. ಬಲಗಾಲು ತಾನಾಗಿ ಬ್ರೇಕ್ ಹುಡುಕಿತು. ಯಾವುದು ಬ್ರೇಕು, ಯಾವುದು ಆಕ್ಸಿಲರೇಟರು, ಮರೆತುಹೋಗಿತ್ತು. ಮೂವತ್ತೊಂದು ವರ್ಷ ಮಾಡಿದ ಕೆಲಸ ಸರ್ವಮಂಗಳಾ, ನಿಂತ ಗಾಡಿಯಲ್ಲಿ ಮರೆತುಹೋಗಿತ್ತು. ಇಳಿದು ಹೊದಿಕೆ ಹಾಕಿ, ಒಳಗೆ ಬಂದು ಎರಡು ಚೊಂಬು ನೀರು ಕುಡಿದೆ.

ಇಳಿಯುವಾಗ ಇನ್ನೊಂದು ನೋಡಿದೆ. ಹೊದಿಕೆಯ ಮೇಲೆ ಬೆರಳು ದಪ್ಪ ಧೂಳು. ಮುಂದುಗಡೆ ಎಡಕ್ಕೆ ದೊಡ್ಡದೊಂದು ತಗ್ಗು. ಏನಮ್ಮ ಇದು ಎಂದು ಸಂಜೆ ಕೇಳಿದರೆ “ಕಂಬ ತಾಗ್ತು ಅಪ್ಪ” ಎಂದು ತಟ್ಟೆ ತೊಳೆಯಲು ಎದ್ದಳು. ಅವಳು ಊಟ ಇನ್ನೂ ಮುಗಿಸಿರಲಿಲ್ಲ. ಕಂಬ ತಾಗಿದರೆ ತಗಡು ಸೀಳುತ್ತದೆ. ಇದು ಮೆತ್ತಗೆ ಒಳಗೆ ಹೋಗಿದೆ. ಇಂಥ ತಗ್ಗು ನಾನು ಇನ್ನೊಂದೇ ಗಾಡಿಯಲ್ಲಿ ನೋಡಿರುವುದು. ಕೇಳಲು ಧೈರ್ಯವಾಗಲಿಲ್ಲ. ಕಾರಿದ್ದೂ ಅವಳು ದಿನಾ ಆಟೋದಲ್ಲಿ ಆಫೀಸಿಗೆ ಹೋಗುತ್ತಾಳೆ.

ಜನವರಿ ಆರಕ್ಕೆ ಹೊರಡುವುದೆಂದು ನಿಗದಿಯಾಗಿದೆ. ಅಷ್ಟರೊಳಗೆ ನನಗೆ ಏನಾದರೂ ಗೌರವಾನ್ವಿತ ಕಾಯಿಲೆ ಬರುವಂತೆ ಸ್ವಾಮಿಗೆ ಹೇಳಿಕೋ.

ಇತಿ, ದಿನ ಎಣಿಸುತ್ತಿರುವ
ಲಿಂಗಪ್ಪ


ಆಲ್ದೂರು
29 ಡಿಸೆಂಬರ್ 2024

ರಜನಿ ಅಪ್ಪನವರಿಗೆ,

ಸ್ವಾಮಿಗೆ ಹೇಳಿಕೊಂಡೆ, ನಿಮಗೆ ಬುದ್ಧಿ ಬರಲಿ ಎಂದು. ಕಾಯಿಲೆಯ ವಿಷಯ ನೀವೇ ನೇರವಾಗಿ ವ್ಯವಹರಿಸಿ.

ಮೊನ್ನೆ ಭೂತಯ್ಯ ಬಂದಿದ್ದ. ಕೊಟ್ಟಿಗೆಹಾರದಲ್ಲಿ ಟೀ ಅಂಗಡಿ ಇಟ್ಟಿದ್ದಾನಲ್ಲ, ಅದಕ್ಕೆ ಕಾಫಿಪುಡಿ ಬೇಕಿತ್ತಂತೆ. ಬರೀ ಪುಡಿಗಾಗಿ ಮೂರು ಕಡೆ ಬಸ್ ಹತ್ತಿ ಇಳಿದು ಯಾರೂ ಇಲ್ಲಿಗೆ ಬರುವುದಿಲ್ಲ. ಕಣದ ಕಟ್ಟೆ ಮೇಲೆ ಕಾಲು ಚಾಚಿ ಕೂತು “ಅಣ್ಣ ಎಲ್ಲಿ ಅಕ್ಕ?” ಎಂದ. ಮರುಭೂಮಿಗೆ ಎಂದೆ. ಜೋರಾಗಿ ನಕ್ಕ. “ಒಳ್ಳೇದಾಯ್ತು ಬಿಡಿ, ಅಲ್ಲಿ ಮಂಜಿನ ಕಾಟ ಇಲ್ವಲ್ಲ.”

ಹೊರಡುವಾಗ ಗೇಟಿನ ಹತ್ತಿರ ನಿಂತ. “ಅಕ್ಕ, ಆವತ್ತು ನಾನೇ ನಿಂತ್ಬಿಟ್ಟೆ. ಮುಂದೆ ರಸ್ತೆನೇ ಕಾಣ್ಲಿಲ್ಲ, ಪ್ರಪಾತಕ್ಕೇ ಕಾಲಿಡ್ತೀನೇನೋ ಅನ್ನಿಸ್ತು. ನಡೀಬೇಕಾದವ್ನು ನಿಂತೆ. ಅಣ್ಣಂಗೆ ಹೇಳ್ಬೇಡಿ” ಎಂದ. ಮೂರು ವರ್ಷದಲ್ಲಿ ಅವನ ಬಾಯಲ್ಲಿ ಈ ಮಾತು ಮೊದಲ ಸಲ ಕೇಳಿದ್ದು. ನಿಜವೋ, ನಿಮಗೋಸ್ಕರ ಕಟ್ಟಿಕೊಂಡು ಬಂದದ್ದೋ, ನನಗೆ ಗೊತ್ತಾಗಲಿಲ್ಲ. ಹೇಳಬೇಡಿ ಎಂದಿದ್ದಾನೆ, ಆದ್ದರಿಂದ ಹೇಳುತ್ತಿದ್ದೇನೆ.

ಆ ಕಾರಿನ ತಗ್ಗಿನ ಬಗ್ಗೆ ಅವಳನ್ನು ಕೇಳಿ. ನೀವು ಕೇಳದಿದ್ದರೆ ಅವಳು ಹೇಳುವುದಿಲ್ಲ. ನಿಮ್ಮ ಮಗಳಲ್ಲವೇ.

ಸರ್ವಮಂಗಳಾ


(ಅಂಚೆ ಕಾರ್ಡು)
ಪೋಖರಣ್
6 ಜನವರಿ 2025

ಕ್ಷೇಮವಾಗಿ ಇಲ್ಲಿಯವರೆಗೆ ಬಂದೆವು. ನಾನು ಓಡಿಸಿದೆ ಎಂದರೆ ಸುಳ್ಳಾಗುತ್ತದೆ, ಓಡಿಸಲಿಲ್ಲ ಎಂದರೂ ಸುಳ್ಳಾಗುತ್ತದೆ. ಕಾರ್ಡು ಪುಟ್ಟದು, ಮಾರಯ್ಯನ ಕಣ್ಣು ದೊಡ್ಡದು. ವಿವರ ಲಕೋಟೆಯಲ್ಲಿ.

ಲಿಂ.


ಜೈಸಲ್ಮೇರ್
14 ಜನವರಿ 2025

ಸರ್ವಮಂಗಳೆಗೆ,

ನಿನ್ನ 29ರ ಕಾಗದ ನಾವು ಹೊರಟ ಮರುದಿನ ಬಿಕಾನೇರ್ ಮುಟ್ಟಿತಂತೆ. ಮಾಲಕಿ ಇಲ್ಲಿಗೆ ಕಳಿಸಿದ್ದಾರೆ, ನಿನ್ನೆ ಸಿಕ್ಕಿತು. ಭೂತಯ್ಯನ ಮಾತನ್ನು ನಾಲ್ಕು ಸಲ ಓದಿದೆ. ಅದರ ಬಗ್ಗೆ ಈಗ ಏನೂ ಬರೆಯಲಾರೆ. ಆರನೇ ತಾರೀಖಿನದು ಮಾತ್ರ ಬರೆಯುತ್ತೇನೆ.

ಬೆಳಿಗ್ಗೆ ಏಳಕ್ಕೆ ಹೊರಡುವ ಹೊತ್ತಿಗೆ ಕಾರಿನ ಎದುರು ಒಂದು ಪ್ರಸಂಗ ನಡೆಯಿತು. “ಅಪ್ಪ, ನೀವೇ ಓಡ್ಸಿ, ದೊಡ್ಡವರು.” “ಛೆ ಛೆ, ಗಾಡಿ ನಿಂದು, ನೀನೇ ಕೂರಮ್ಮ.” “ನಿಮ್ಮ ಮುಂದೆ ನಾನು ಓಡ್ಸೋದಾ?” “ಊರು ನಿಂದು, ದಾರಿ ನಿಂಗೆ ಗೊತ್ತು.” ಮದುವೆ ಮನೆಯ ಪಂಕ್ತಿಯಲ್ಲಿ ಮೊದಲ ಎಲೆಗೆ ನೀವು ಕೂರಿ, ನೀವು ಕೂರಿ ಎಂದು ಬೀಗರು ತಳ್ಳಾಡುವಂತೆ ಕಾಲು ಗಂಟೆ ತಳ್ಳಾಡಿದೆವು. ಈ ದಕ್ಷಿಣದ ಜನರಲ್ಲಿ ಎಂಥ ಮರ್ಯಾದೆ ಎಂದು ಮಾಲಕಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಇಬ್ಬರ ಎದೆಯಲ್ಲೂ ಮರ್ಯಾದೆ ಇರಲಿಲ್ಲ, ಪುಕ್ಕಲುತನ ಇತ್ತು. ನನ್ನದು ನನಗೆ ಗೊತ್ತಿತ್ತು. ಅವಳದು ಗೊತ್ತಿರಲಿಲ್ಲ.

ಕೊನೆಗೆ ಅವಳು ಕೂತಳು. ನೇರ ರಸ್ತೆಯಲ್ಲಿ ಮೂವತ್ತರ ವೇಗ. ನಮ್ಮನ್ನು ಲಾರಿ ದಾಟಿತು, ಟ್ರ್ಯಾಕ್ಟರ್ ದಾಟಿತು, ಹಾಲಿನ ಕ್ಯಾನ್ ಕಟ್ಟಿಕೊಂಡ ಮೊಪೆಡ್ಡಿನ ಮುದುಕ ದಾಟಿ ಹಿಂದಿರುಗಿ ನೋಡಿದ. ಕೋಲಾಯತ್ ದಾಟಿ ಟೀ ಕುಡಿದ ಮೇಲೆ ಕೀಲಿಯನ್ನು ನನ್ನ ಕೈಗಿಟ್ಟು, ನಾನು ಬೇಡ ಎನ್ನುವ ಮೊದಲೇ ಎಡಗಡೆ ಹೋಗಿ ಕೂತುಬಿಟ್ಟಳು.

ನಾನು ಸೀಟು ಮುಂದೆ ಎಳೆದೆ, ಹಿಂದೆ ತಳ್ಳಿದೆ. ಕನ್ನಡಿ ಸರಿಮಾಡಿದೆ, ಒರೆಸಿದೆ, ಮತ್ತೆ ಸರಿಮಾಡಿದೆ. ಅಷ್ಟು ಅಂದಗಾಣಿಸಿಕೊಂಡು ನಾನು ನಿನ್ನನ್ನು ನೋಡಲು ಕೂಡ ಬಂದಿರಲಿಲ್ಲ. ಕಡೆಗೆ ಗಾಡಿ ಹೊರಟಿತು. ಎರಡನೇ ಗೇರು. ಮೂರನೆಯದು. ಆಗುತ್ತದೆ ಅನ್ನಿಸಿತು. ಒಂದು ಏರು ಹತ್ತಿ ಇಳಿದೆವು.

ಇಳಿದದ್ದು ಎಲ್ಲಿಗೆ ಅಂತೀಯ? ಮಂಜಿಗೆ.

ನಗಬೇಡ. ಮರುಭೂಮಿಯಲ್ಲಿ ಮಂಜು. ಆ ಕಡೆ ಈಗ ಕಾಲುವೆ ನೀರು ಹರಿದು ಸಾಸಿವೆ, ಗೋಧಿ ಬೆಳೆಯುತ್ತಾರಂತೆ. ಚಳಿಗಾಲದ ಬೆಳಿಗ್ಗೆ ಆ ಹೊಲಗಳಿಂದ ಏಳುತ್ತದಂತೆ. ಇದೆಲ್ಲ ಆಮೇಲೆ ತಿಳಿದದ್ದು. ಆಗ ಗೊತ್ತಾದದ್ದು ಇಷ್ಟೇ: ಎದುರಿಗೆ ರಸ್ತೆ ಇಲ್ಲ, ಆಕಾಶ ಇಲ್ಲ, ಕಾರಿನ ಮೂತಿಯೂ ಇಲ್ಲ. ನನ್ನನ್ನು ಹುಡುಕಿಕೊಂಡು ಚಾರ್ಮಾಡಿಯೇ ರೈಲು ಹತ್ತಿ ಬಂದಿತ್ತು. ನಡುರಸ್ತೆಯಲ್ಲಿ ನಿಲ್ಲಿಸಿದೆ. ಎಂಜಿನ್ ಓಡುತ್ತಲೇ ಇತ್ತು.

ಆಗ ನಿನ್ನ ಮಗಳಿಗೆ ಚಿಕ್ಕಂದಿನ ಕಥೆ ನೆನಪಾಯಿತು. ಹಿಂದಿನ ಸೀಟಿನ ಬ್ಯಾಗಿನಿಂದ ನನ್ನದೇ ಬಿಳಿ ಟವೆಲ್ ಎಳೆದು ಹೆಗಲಿಗೆ ಹಾಕಿಕೊಂಡಳು. “ಅಪ್ಪ, ಚಾರ್ಮಾಡಿ ಥರ! ನಾನು ಮುಂದೆ ನಡೀತೀನಿ, ನೀವು ಟವೆಲ್ ನೋಡ್ಕೊಂಡು ಬನ್ನಿ. ರೈಟ್ ರೈಟ್!” ನಾನು “ಬ್ಯಾಡ” ಎಂದೆನೋ ಇಲ್ಲವೋ, ಅವಳು ಇಳಿದು ಮುಂದೆ ಹೋಗಿಯೇಬಿಟ್ಟಿದ್ದಳು.

ಸರ್ವಮಂಗಳಾ, ಐದು ಮಾರಿನಾಚೆ ಆ ಟವೆಲ್. ಅದರೊಳಗೆ ನನ್ನ ಮಗಳು. ಅವಳು ಬೆನ್ನು ಹಾಕಿ ನಡೆಯುತ್ತಿದ್ದಾಳೆ, ಕೈ ಬೀಸಿ ಬಾ ಬಾ ಎನ್ನುತ್ತಿದ್ದಾಳೆ. ನನ್ನ ಬಲಗಾಲು ಕುಣಿಯುತ್ತಿದೆ. ಅದು ಯಾವುದನ್ನು ಒತ್ತುತ್ತದೆ ಎಂದು ನನಗೇ ಗೊತ್ತಿಲ್ಲ. ಟವೆಲ್ ಒಂದು ಕ್ಷಣ ಕಂಡಿತು, ಒಂದು ಕ್ಷಣ ಕಾಣಲಿಲ್ಲ. ಕಾಣದ ಆ ಕ್ಷಣದಲ್ಲಿ ನಾನು ಏನು ಮಾಡಿದೆ ಗೊತ್ತೇ? ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ, ಕೀಲಿ ಕಿತ್ತು, ಕಿಟಕಿಯಿಂದ ಆಚೆ ಎಸೆದೆ. ದೂರಕ್ಕೆ, ಬಲವಾಗಿ ಎಸೆದೆ. ಇನ್ನು ಈ ಕಾಲು ಏನು ಬೇಕಾದರೂ ಒತ್ತಿಕೊಳ್ಳಲಿ ಎಂದು.

ಮೂವತ್ತೊಂದು ವರ್ಷದ ಅನುಭವಿ ಚಾಲಕನ ಕೈಚಳಕ ಇದು. ಮಂಜಿನಲ್ಲಿ, ನಡುರಸ್ತೆಯಲ್ಲಿ, ಕೀಲಿಯಿಲ್ಲದ ಗಾಡಿ.

“ಅಪ್ಪ, ಏನ್ ಎಸೆದ್ರಿ?” ಎಂದು ಅವಳು ಓಡಿಬಂದಳು. ಅಷ್ಟರಲ್ಲಿ ಹಿಂದುಗಡೆ ದೂರದಲ್ಲಿ ಲಾರಿಯ ಹಾರನ್. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ, ಹತ್ತಿರದಲ್ಲಿ. “ತಳ್ಳಿ ಅಪ್ಪ!” ಎಂದಳು. ಹ್ಯಾಂಡ್‌ಬ್ರೇಕ್ ಇಳಿಸಿ ಇಬ್ಬರೂ ಹಿಂದೆ ನಿಂತು ತಳ್ಳಿದೆವು. ಪುಣ್ಯಕ್ಕೆ ಚಕ್ರ ಎಡಕ್ಕೇ ಹೊರಳಿತ್ತು. ಮುಂದಿನ ಚಕ್ರ ಮರಳಿಗೆ ಇಳಿಯಿತು, ಹಿಂದಿನದು ಇಳಿಯಲೊಲ್ಲದು. ನನ್ನ ಹೆಗಲು ಅವಳ ಹೆಗಲಿಗೆ ಒತ್ತಿತ್ತು, ಅವಳು ಅಮ್ಮಾ ಅಮ್ಮಾ ಎನ್ನುತ್ತಿದ್ದಳು. ಗಾಡಿ ಜಾರಿದ್ದೂ ಲಾರಿ ನಮ್ಮ ಬೆನ್ನ ಹಿಂದೆ ಗಾಳಿ ಎಬ್ಬಿಸಿ ಹೋದದ್ದೂ ಒಂದೇ ಸಲ. ಇಬ್ಬರೂ ಮರಳಿನ ಮೇಲೆ ಮುಖ ಅಡಿಯಾಗಿ ಬಿದ್ದಿದ್ದೆವು.

ಬಹಳ ಹೊತ್ತು ಏಳಲಿಲ್ಲ. ಆಮೇಲೆ ಹೇಳಿದೆ. ಎಲ್ಲವನ್ನೂ. ಭೂತಯ್ಯನ ಟವೆಲ್, ನನ್ನ ಕಾಲು, ಆ ಸದ್ದು. ಹನ್ನೊಂದು ಸಲ ಬಾರದ ಮಾತು ಬಾಯಲ್ಲಿ ಮರಳಿದ್ದಾಗ ಬಂತು.

“ಅಮ್ಮಂಗೆ ಗೊತ್ತಾ?” ಎಂದಳು.

“ಗೊತ್ತು.”

“ನಂಗೆ ಮಾತ್ರ ಗೊತ್ತಿಲ್ಲ.”

ಅವಳು ಟವೆಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. “ಅದು ಕಂಬ ಅಲ್ಲ ಅಪ್ಪ. ಒಂಟೆಮರಿ. ಅಕ್ಟೋಬರಲ್ಲಿ. ಅಡ್ಡ ಬಂತು. ನಾನೇ ಡಾಕ್ಟ್ರು, ನಾನೇ ಹೊಡೆದೋಳು. ಆ ಮರಿ ಬದುಕ್ಲಿಲ್ಲ. ಆಮೇಲೆ ಕಾರು ಮುಟ್ಟಿಲ್ಲ. ನೀವು ಬಂದ್ರೆ ಹೆದರಿಕೆ ಹೋಗುತ್ತೆ ಅಂತ ಕರೆಸ್ಕೊಂಡೆ.” ಟವೆಲನ್ನು ಮಡಿಲಿಗಿಟ್ಟು, “ಹೆದರಿಕೆನೇ ಇಲ್ಲದವರು ಅಂದ್ರೆ ನೀವೊಬ್ರೇ ಅಲ್ವಾ ನಂಗೆ ಗೊತ್ತಿದ್ದೋರು” ಎಂದಳು.

ಅಲ್ಲಿಗೆ ಒಬ್ಬ ಕುರಿಗಾಹಿ ಬಂದ. ಮೊದಲು ಕುರಿಗಳ ಕೆಮ್ಮು ಕೇಳಿತು, ಆಮೇಲೆ ಅವನ ಕೆಂಪು ಪೇಟ ಕಂಡಿತು. ಮರಳಲ್ಲಿ ಮಂಡಿಯೂರಿ ಕೀಲಿ ತಡಕುತ್ತಿದ್ದ ನಮ್ಮನ್ನು ನೋಡಿ ಏನೋ ಅಂದ. ರಜನಿ ಅದನ್ನು ಕನ್ನಡಕ್ಕೆ ತಂದಳು: “ಇಷ್ಟು ಅವಸರ ಯಾಕೆ, ಬಿಸಿಲು ಬರೋವರೆಗೆ ಕೂತಿರಿ ಅಂತಾನೆ ಅಪ್ಪ.” ಸರ್ವಮಂಗಳಾ, ಮೂವತ್ತೊಂದು ವರ್ಷ ನನಗೆ ಈ ಮಾತು ಒಬ್ಬರೂ ಹೇಳಲಿಲ್ಲ. ಟೈಮಿಂಗ್, ಟೈಮಿಂಗ್ ಎಂದರು. ಹಿಂದಿನ ಬಸ್ಸು ಮುಂದೆ ಹೋದೀತು ಎಂದರು. ಮಂಜು ಬಂದರೆ ಇಳಿದು ನಡೆ ಎಂದರು. ನಿಂತರಾಗುತ್ತದೆ ಎನ್ನುವುದನ್ನು ಕುರಿ ಕಾಯುವವನಿಂದ ಕಲಿಯಲು ನಾನು ಭಾರತದ ಇನ್ನೊಂದು ತುದಿಗೆ ಬರಬೇಕಾಯಿತು.

ಕೂತೆವು. ಹತ್ತೂವರೆಗೆ ಬಿಸಿಲು ಬಿತ್ತು. ಕೀಲಿ ಒಂದು ಎಕ್ಕದ ಗಿಡದ ಬುಡದಲ್ಲಿತ್ತು.

ಆಮೇಲಿನದಕ್ಕೆ ಹೀಗೆ ಒಪ್ಪಂದವಾಯಿತು: ಹತ್ತು ಕಿಲೋಮೀಟರ್ ನಾನು, ಹತ್ತು ಅವಳು. ಹೆದರಿಕೆಯಾದರೆ ಬಾಯಿಬಿಟ್ಟು ಹೇಳಬೇಕು, ಹೇಳಿದ ಕೂಡಲೇ ಇನ್ನೊಬ್ಬರು ಬದಲಾಗಬೇಕು. ನಾನು ಒಂಬತ್ತು ಸಲ ಹೇಳಿದೆ, ಅವಳು ಏಳು. ನಾನು ಹೇಳಿದಾಗಲೆಲ್ಲ ಅವಳು ನನ್ನನ್ನೇ ನೋಡುತ್ತಿದ್ದಳು, ಹೊರಗೆ ನೋಡಿದಂತೆ ನಟಿಸಲಿಲ್ಲ.

ಫೆಬ್ರವರಿ ಎರಡಕ್ಕೆ ಕಡೂರಿನಲ್ಲಿ ಇಳಿಯುತ್ತೇನೆ. ಮಲ್ಲೇಶನಿಗೆ ಜೀಪು ತರಲು ಹೇಳು. ಕಡೂರಿಂದ ಮನೆಗೆ ನಾನೇ ಓಡಿಸೋಣ ಎಂದಿದ್ದೇನೆ. ಇನ್ನೂ ಹೆದರಿಕೆಯಿದೆ. ಆದರೂ.

ಇತಿ
ಲಿಂಗಪ್ಪ


ಆಲ್ದೂರು
23 ಜನವರಿ 2025

ರಜನಿ ಅಪ್ಪನವರಿಗೆ,

ಕಾಗದ ಓದಿದೆ. ಲಾರಿ ಬಂದ ಕಡೆ ಓದಲಾಗದೆ ಎದ್ದು ಹೋಗಿ ಕಣದಲ್ಲಿ ಪಾರ್ಚ್‌ಮೆಂಟ್ ಕೈಯಾಡಿಸಿ ಬಂದೆ. ಮಧ್ಯಾಹ್ನ ಮತ್ತೆ ಓದಿದೆ. ಆಗಲೂ ಎದ್ದು ಹೋದೆ. “ಏನಮ್ಮ, ಕಾಫಿ ಒಣಗಿ ಹಪ್ಪಳ ಆಯ್ತು, ಇನ್ನೂ ಎಷ್ಟು ಆಡಿಸ್ತೀರಿ?” ಎಂದಳು ಪಾಪಮ್ಮ.

ನಿಮ್ಮನ್ನು ಗೇಲಿ ಮಾಡಿ ಇಷ್ಟು ಕಾಗದ ಬರೆದೆನಲ್ಲ, ನಾನೂ ಒಂದು ಹೇಳಬೇಕು. ನೀವು ಸ್ಟೀರಿಂಗ್ ಬಿಟ್ಟು ಮನೆಯಲ್ಲಿ ಕೂತಾಗ ಊರೆಲ್ಲ ಅಯ್ಯೋ ಅಂದರು. ನಾನೂ ಅಂದೆ, ಜನರ ಎದುರಿಗೆ. ಒಳಗೆ ನನಗೆ ಎಷ್ಟು ನೆಮ್ಮದಿಯಾಗಿತ್ತು ಎಂದು ಸ್ವಾಮಿಗೊಬ್ಬನಿಗೇ ಗೊತ್ತು. ಮೂವತ್ತೊಂದು ವರ್ಷ ಸಂಜೆ ಬಸ್ಸಿನ ಹೊತ್ತಿಗೆ ಬಾಗಿಲಲ್ಲಿ ನಿಂತವಳು ನಾನು. ಮಳೆಗಾಲದಲ್ಲಿ ಅರ್ಧ ಗಂಟೆ ತಡವಾದರೆ ಯಾರ್ಯಾರಿಗೆ ಹೇಳಿಕಳಿಸಬೇಕು, ಯಾವ ಸೀರೆ ಉಟ್ಟು ಹೊರಡಬೇಕು ಎನ್ನುವವರೆಗೂ ಯೋಚಿಸಿ ಮುಗಿಸಿರುತ್ತಿದ್ದೆ. ನೀವು ಬಂದ ಕೂಡಲೇ “ಸಾರು ಆರೋಯ್ತು” ಎಂದು ಸಿಡುಕುತ್ತಿದ್ದೆ. ಅಷ್ಟೇ ನನಗೆ ಹೇಳಲು ಬರುತ್ತಿದ್ದುದು. ಮಗಳಿಗೆ ನಿಜ ಹೇಳಿ ಎಂದು ಬರೆದೆನೇ ಹೊರತು, ನೀವು ಮತ್ತೆ ಗಾಡಿ ಓಡಿಸಿ ಎಂದು ನಾನು ಒಂದು ಕಾಗದದಲ್ಲೂ ಬರೆಯಲಿಲ್ಲ. ಬೇಕಾದರೆ ತೆಗೆದು ನೋಡಿ.

ಈಗ ಕಡೂರಿಂದ ನಾನೇ ಓಡಿಸುತ್ತೇನೆ ಎನ್ನುತ್ತೀರಿ. ಬೇಡ ಎಂದು ಬರೆದು ಹರಿದು ಹಾಕಿದೆ. ಎರಡು ಸಲ.

ಫೆಬ್ರವರಿ ಎರಡಕ್ಕೆ ಮಲ್ಲೇಶ ಜೀಪು ತರುತ್ತಾನೆ. ನಾನೂ ಬರುತ್ತೇನೆ. ಕೊಯ್ಲು ಒಂದು ದಿನ ಪಾಪಮ್ಮ ನೋಡಿಕೊಳ್ಳಲಿ. ಪೇಟೆಯ ಗಲಾಟೆ ಕಳೆಯುವವರೆಗೆ ಮಲ್ಲೇಶನೇ ಓಡಿಸಲಿ, ಊರು ಹತ್ತಿರಾಗಿ ವಸ್ತಾರೆ ಬಂದ ಮೇಲೆ ನಿಮ್ಮ ಕೈಗೆ ಕೊಡುತ್ತಾನೆ. ಅವನು ಹಿಂದೆ ಕೂರಲಿ. ಮುಂದಿನ ಸೀಟು ನನ್ನದು. ನಿಮ್ಮನ್ನು ಕಟ್ಟಿಕೊಂಡ ಮೇಲೆ ನಿಮ್ಮ ಪಕ್ಕ ಮುಂದುಗಡೆ ನಾನು ಒಂದು ಸಲವೂ ಕೂತಿಲ್ಲ, ಡ್ರೈವರನ ಹೆಂಡತಿ ಎಂದು ಜನ ನೋಡುತ್ತಾರೆ ಅಂತ ನಾಚಿಕೊಂಡು ಹಿಂದೆಯೇ ಕೂರುತ್ತಿದ್ದೆ.

ಹೆದರಿಕೆಯಾದರೆ ಬಾಯಿಬಿಟ್ಟು ಹೇಳಬೇಕು ಎಂಬ ಒಪ್ಪಂದ ನನಗೂ ಅನ್ವಯಿಸುತ್ತದೆಯೇ? ಹಾಗಿದ್ದರೆ ವಸ್ತಾರೆಯಿಂದ ಆಲ್ದೂರಿನವರೆಗೆ ನೀವು ಬೇರೆ ಮಾತು ಕೇಳುವುದಿಲ್ಲ. ನಾನು ಹೇಳುತ್ತಲೇ ಇರುತ್ತೇನೆ. ನೀವು ಓಡಿಸುತ್ತಲೇ ಇರಿ.

ನಿಮ್ಮ
ಸರ್ವಮಂಗಳಾ